ಸಮಾಜಸೇವೆಗೂ ಡಿಗ್ರಿ ಬೇಕೆ?

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ, ಸದಸ್ಯರ ಮಕ್ಕಳ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಊರಿನ ಮಗಳನ್ನೇ ಅತಿಥಿ ಅಂತ ಕರೆದು ಹಾರ ಹಾಕಿದ್ದೀರಿ. ಸಂತೋಷದ ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತಿದೆ. ನಾನು ಓದಿದ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ವಿಚಾರವಾಗಿ ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ.

2006ರಲ್ಲಿ ನಾನು ಈ ಓದಿಗೆ ಸೇರಿದಾಗ ಅರಳಿಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜ ಕೇಳಿದ್ದರು. "ಅಲ್ಲ ಕಣವ್ವ, ಸಮಾಜಸೇವೆ ಮಾಡಾಕೂ ಡಿಗ್ರಿ ಬೇಕಾ? ನಿಮ್ಮಜ್ಜಿ ಯಾವ ಕಾಲೇಜಿಗೆ ಹೋಗಿದ್ಲು?" ನಮ್ಮಜ್ಜಿ ಸೂಲಗಿತ್ತಿ. ಇಲ್ಲಿ ಕೂತಿರುವ ಎಷ್ಟೋ ಜನರ ಹೊಕ್ಕುಳಬಳ್ಳಿ ಕತ್ತರಿಸಿದವಳು. ಒಂದು ರೂಪಾಯಿ ಕೇಳಿದವಳಲ್ಲ. ಅಜ್ಜನ ಪ್ರಶ್ನೆಗೆ ಆವತ್ತು ನನ್ನ ಬಳಿ ಉತ್ತರವಿರಲಿಲ್ಲ. ಅಜ್ಜ ಈಗ ಇಲ್ಲ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ ಈ ಓದು ಏನು ಅಂತ ತಿಳಿಯೋಣ. ಸೇವೆ ಬೇರೆ, ಸಮಾಜಕಾರ್ಯ ಬೇರೆ. ಹಸಿದವನಿಗೆ ಊಟ ಹಾಕುವುದು ಸೇವೆ. ಅವನು ಯಾಕೆ ಹಸಿದ, ನಾಳೆಯೂ ಹಸಿಯದಿರಲು ಏನು ಮಾಡಬೇಕು ಅಂತ ಅವನ ಜೊತೆಗೇ ಕೂತು ಯೋಚಿಸಿ ದಾರಿ ಹುಡುಕುವುದು ಸಮಾಜಕಾರ್ಯ. ನಮ್ಮ ದೇಶದಲ್ಲಿ ಇದನ್ನು ಕಲಿಸುವ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಆರಂಭವಾಯಿತು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಆಯಿತು. ನಮ್ಮ ರಾಜ್ಯದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಆಮೇಲೆ ವಿಶ್ವವಿದ್ಯಾಲಯಗಳಲ್ಲೂ ವಿಭಾಗಗಳು ತೆರೆದವು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಚ್.ಎಂ. ಮರುಳಸಿದ್ಧಯ್ಯನವರು ಈ ವಿಷಯವನ್ನು ಕನ್ನಡದಲ್ಲೇ ಬರೆದು, ನಮ್ಮಂಥ ಹಳ್ಳಿ ಮಕ್ಕಳಿಗೆ ದಾರಿ ಸುಲಭ ಮಾಡಿಕೊಟ್ಟರು.

ಎಂ.ಎಸ್.ಡಬ್ಲ್ಯೂ. ಸಾಮಾನ್ಯವಾಗಿ 2 ವರ್ಷದ ಓದು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾವ ಪದವಿ ಆದವರೂ ಬಹುತೇಕ ಕಡೆ ಅರ್ಜಿ ಹಾಕಬಹುದು. ಒಬ್ಬ ವ್ಯಕ್ತಿಯೊಡನೆ, ಗುಂಪಿನೊಡನೆ, ಇಡೀ ಊರಿನೊಡನೆ ಕೆಲಸ ಮಾಡುವ ಬಗೆಯನ್ನು ಪಾಠದಲ್ಲಿ ಹೇಳುತ್ತಾರೆ. ಜೊತೆಗೆ ಕಾನೂನು, ಆಡಳಿತ, ಸಂಶೋಧನೆ ಇರುತ್ತವೆ. ಆದರೆ ಈ ಓದಿನ ಬೆನ್ನೆಲುಬು ಫೀಲ್ಡ್ ವರ್ಕ್, ಅಂದರೆ ಕ್ಷೇತ್ರಕಾರ್ಯ. ನಮಗೆ ವಾರದಲ್ಲಿ 2 ದಿನ ಆಸ್ಪತ್ರೆಗೋ ಕೊಳಚೆ ಪ್ರದೇಶಕ್ಕೋ ಶಾಲೆಗೋ ಹೋಗಿ ಕೆಲಸ ಮಾಡಿ ವರದಿ ಬರೆಯಬೇಕಿತ್ತು. ಹಳ್ಳಿಯಲ್ಲಿ ಶಿಬಿರವೂ ಇರುತ್ತಿತ್ತು.

ನನ್ನನ್ನು ಮೊದಲ ವರ್ಷ ಒಂದು ಆಸ್ಪತ್ರೆಗೆ ಹಾಕಿದ್ದರು. ಅಲ್ಲಿ ಸಾಯಲು ಹೋಗಿ ಬದುಕುಳಿದ ಒಬ್ಬ ಯುವ ರೈತ ಇದ್ದ. ನಾನು ಹಾಸಿಗೆ ಪಕ್ಕ ನಿಂತು, "ಧೈರ್ಯವಾಗಿರಬೇಕು ಅಣ್ಣ, ಸಾಲ ಎಲ್ಲರಿಗೂ ಇರುತ್ತೆ, ಹೆಂಡತಿ ಮಕ್ಕಳ ಮುಖ ನೋಡಬೇಕು" ಅಂತ ದೊಡ್ಡ ಭಾಷಣವನ್ನೇ ಮಾಡಿದೆ. ಆತ ಗೋಡೆ ಕಡೆ ತಿರುಗಿಕೊಂಡ. ಅವನಿಗೆ ಬುದ್ಧಿ ಹೇಳಿ ಬಂದೆ ಅಂತ ಹೆಮ್ಮೆಯಿಂದ ವರದಿ ಬರೆದೆ. ನಮ್ಮ ಮೇಡಂ ಓದಿ ಒಂದೇ ಮಾತು ಕೇಳಿದರು. "ಇದರಲ್ಲಿ ಅವರ ಮಾತು ಎಲ್ಲಿದೆ?" ನೋಡಿದರೆ ನನ್ನ ಮಾತು 3 ಪುಟ, ಆತನದು 4 ಸಾಲು.

ಮುಂದಿನ ಸಲ ಹೋದಾಗ ಸ್ಟೂಲು ಎಳೆದುಕೊಂಡು ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು. ಬಹಳ ಹೊತ್ತಾದ ಮೇಲೆ ಆತ ಬಾಯಿಬಿಟ್ಟ. ಸಾಲ ಇತ್ತು, ನಿಜ. ಆದರೆ ಅವನನ್ನು ಮುರಿದದ್ದು ಸಾಲವಲ್ಲ. ಕೈಸಾಲ ಕೊಟ್ಟವನು ತಂಗಿಯ ಗಂಡನ ಮನೆಗೇ ಹೋಗಿ, ಬೀಗರ ಎದುರಿಗೆ ಮಾನ ಕಳೆದಿದ್ದ. ಆ ಮನೆಗೆ ಇನ್ನು ಹೇಗೆ ಮುಖ ತೋರಿಸಲಿ ಅನ್ನುವುದೇ ಅವನ ಸಂಕಟ. ಅದು ತಿಳಿದ ಮೇಲೆ ತಂಗಿಯನ್ನೂ ಭಾವನನ್ನೂ ಆಸ್ಪತ್ರೆಗೆ ಕರೆಸಿದೆವು. ಭಾವ ಬಂದು ಕೈ ಹಿಡಿದುಕೊಂಡಾಗ ಆತ ಮಗುವಿನ ಹಾಗೆ ಅತ್ತ. ಸಾಲ ತೀರಲಿಲ್ಲ, ಆದರೆ ಮನುಷ್ಯ ಉಳಿದ. ಮೊದಲ ದಿನದ ನನ್ನ ಭಾಷಣ ಅವನನ್ನು ಉಳಿಸುತ್ತಿರಲಿಲ್ಲ. ಕೇಳುವುದೂ ಒಂದು ವಿದ್ಯೆ, ಅದನ್ನೂ ಕಲಿಯಬೇಕು.

ಈ ಮಾತು ಬಂದಿರುವುದರಿಂದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮನಸ್ಸು ತೀರಾ ಕುಗ್ಗಿದವರು, ಅವರ ಮನೆಯವರು ಮಾತಾಡಲೆಂದೇ 2022ರಲ್ಲಿ ಸರ್ಕಾರ ಟೆಲಿ ಮಾನಸ್ ಅನ್ನುವ ಉಚಿತ ದೂರವಾಣಿ ಸೇವೆ ಆರಂಭಿಸಿದೆ. ಸಂಖ್ಯೆ 14416. ಡೈರಿಯ ಗೋಡೆಯ ಮೇಲೆ ಹಾಲಿನ ದರದ ಪಟ್ಟಿ ಇರುವ ಕಡೆ ಈ ಸಂಖ್ಯೆಯನ್ನೂ ಬರೆಸಬೇಕೆಂದು ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ.

ಇನ್ನು ನಮ್ಮಜ್ಜಿಯ ವಿಷಯ. ಅವಳು ದೊಡ್ಡ ಮನುಷ್ಯಳು, ನನಗೆ ಅವಳೇ ಮೊದಲ ಗುರು. ಆದರೂ ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ನಮ್ಮಜ್ಜಿ ಕೆರೆ ಆಚೆಯ ಕೇರಿಗೆ ಹೆರಿಗೆ ಮಾಡಿಸಲು ಹೋದವಳಲ್ಲ. ಅದು ಅವಳೊಬ್ಬಳ ತಪ್ಪಲ್ಲ, ಕಾಲ ಹಾಗಿತ್ತು ಅನ್ನೋಣ. ಆದರೆ ನಾನೂ ಡಿಗ್ರಿ ಮುಗಿಯುವವರೆಗೆ ಆ ಕೇರಿಯ ಒಂದು ಮನೆಯ ಹೊಸ್ತಿಲು ತುಳಿದವಳಲ್ಲ. ಶಿಬಿರಕ್ಕೆ ಬೇರೆ ತಾಲ್ಲೂಕಿನ ಹಳ್ಳಿಗೆ ಹೋದಾಗ ಅಂಥದೇ ಕೇರಿಯಲ್ಲಿ ಮನೆ ಮನೆ ಸಮೀಕ್ಷೆ ಮಾಡಬೇಕಾಗಿತ್ತು. ಒಬ್ಬ ತಾಯಿ ಚಾಪೆ ಹಾಸಿ, ಮುದ್ದೆ ಬಡಿಸಿ, "ನಿಮ್ಮೂರಲ್ಲೂ ಹಿಂಗೇ ನಮ್ಮೋರ ಮನೇಲಿ ಉಣ್ತೀಯೇನವ್ವ?" ಅಂತ ಕೇಳಿದಳು. ತುತ್ತು ಗಂಟಲಲ್ಲೇ ನಿಂತಿತು. ಇಲ್ಲ ಅಂತ ನಿಜ ಹೇಳಿದೆ. ಶಿಬಿರ ಮುಗಿಸಿ ಬಂದವಳೇ ಮೊದಲು ಹೋದದ್ದು ಕೆರೆ ಆಚೆಗೆ.

ಅಜ್ಜನಿಗೆ ಕೊಡಬೇಕಾಗಿದ್ದ ಉತ್ತರ ಇದೇ. ನಮ್ಮವರಿಗೆ ಸಹಾಯ ಮಾಡಲು ಪ್ರೀತಿ ಸಾಕು, ಡಿಗ್ರಿ ಬೇಡ. ನಮ್ಮವರಲ್ಲ ಅಂದುಕೊಂಡವರ ಮನೆಗೆ ಹೋಗಲು, ಅವರ ಮಾತು ಕೇಳಲು ಅಭ್ಯಾಸ ಬೇಕು. ಆ ಅಭ್ಯಾಸವನ್ನು ನನಗೆ ಮಾಡಿಸಿದ್ದು ಈ ಓದು. ಹಾಗೆ ನೋಡಿದರೆ ನಮ್ಮ ಸಂಘವೂ ಅದನ್ನೇ ಮಾಡಿದೆ. ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಯಂತ್ರ ಫ್ಯಾಟ್ ನೋಡುತ್ತದೆಯೇ ಹೊರತು ಜಾತಿ ನೋಡುವುದಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ಅಲ್ಲಿದ್ದದ್ದು ದಾನವಲ್ಲ, ಹೆಗಲಿಗೆ ಹೆಗಲು ಕೊಡುವ ತತ್ವ. ನಮ್ಮ ಓದಿನ ತತ್ವವೂ ಅದೇ.

ಈಗ ಕಹಿ ಮಾತು. ಈ ಓದು ಓದಿದರೆ ತಕ್ಷಣ ಸರ್ಕಾರಿ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1948ರ ಕಾರ್ಖಾನೆ ಕಾಯಿದೆ, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕು ಅಂದಿತು. ಅದರಿಂದ ನಮ್ಮ ಓದಿನವರಿಗೆ ಕಾರ್ಖಾನೆಗಳ ಬಾಗಿಲು ತೆರೆಯಿತು. ಆಸ್ಪತ್ರೆ, ಮಕ್ಕಳ ರಕ್ಷಣಾ ಘಟಕ, ಸ್ವಯಂಸೇವಾ ಸಂಸ್ಥೆಗಳಲ್ಲೂ ಕೆಲಸವಿದೆ. ಆದರೆ ಎಷ್ಟೋ ಕೆಲಸ ಗುತ್ತಿಗೆಯವು. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಸಂಬಳವೂ ಮೊದಮೊದಲು ಕಡಿಮೆ. ನಾನೇ 2 ಸಲ ಕೆಲಸ ಕಳೆದುಕೊಂಡವಳು. ಕಾಲೇಜಿಗೆ ಸೇರುವ ಮುಂಚೆ ಫೀಲ್ಡ್ ವರ್ಕ್ ನಿಜವಾಗಿ ನಡೆಯುತ್ತದೆಯೋ, ವಾರವಾರ ಕೂರಿಸಿಕೊಂಡು ತಿದ್ದುವ ಮೇಷ್ಟ್ರು ಇದ್ದಾರೋ ಅಂತ ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಫೀಲ್ಡ್ ವರ್ಕ್ ಇಲ್ಲದ ಎಂ.ಎಸ್.ಡಬ್ಲ್ಯೂ. ಅಂದರೆ ದಡದಲ್ಲಿ ಕೂತು ಈಜು ಕಲಿತ ಹಾಗೆ. ಶುಲ್ಕದ ಜೊತೆ ಓಡಾಟದ ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಸ್ಟೆಲ್ಲು, ವಿದ್ಯಾರ್ಥಿವೇತನದ ಅರ್ಜಿಯ ಕೊನೇ ದಿನಾಂಕ ತಪ್ಪಿಸಿಕೊಳ್ಳಬೇಡಿ.

ನನ್ನ ಖರ್ಚಿಗೆ ಆಧಾರ ನಮ್ಮವ್ವನ ಹಾಲಿನ ಬಟವಾಡೆ. ಎರಡನೇ ವರ್ಷ ನಮ್ಮ ಕರೆಯುವ ಹಸು ಸತ್ತಿತು. ವಿಮೆ ಮಾಡಿಸಿರಲಿಲ್ಲ. ಸುದ್ದಿ ಕೇಳಿ ನಾನು ಪೆಟ್ಟಿಗೆ ಕಟ್ಟಿಕೊಂಡು ಓದು ಬಿಟ್ಟು ಬಂದೆ. ಅವ್ವ ಕೊಟ್ಟಿಗೆ ಗುಡಿಸುತ್ತಿದ್ದವಳು ತಲೆ ಎತ್ತಿ, "ನೀನು ಬಂದ್ರೆ ಸತ್ತ ಹಸ ಎದ್ದು ಬತ್ತದಾ? ಹೋಗು" ಅಂದಳು. ಆವತ್ತು ಸಂಜೆ ಸಂಘದವರು ಸಭೆ ಕೂತು, ಇನ್ನೊಂದು ಹಸು ತರಲು ಮುಂಗಡ ಕೊಟ್ಟು, ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಂಡರು. ಮಾರನೇ ದಿನದ ಬಸ್ಸಿಗೆ ನಾನು ವಾಪಸ್ ಹೋದೆ. ಆ ಸಭೆ ನಡೆಯದಿದ್ದರೆ ಈ ಮೈಕಿನ ಮುಂದೆ ಇವತ್ತು ನಾನು ಇರುತ್ತಿರಲಿಲ್ಲ.

ಆದ್ದರಿಂದ ಸಂಘದಲ್ಲಿ ಒಂದು ಪ್ರಾರ್ಥನೆ. ಆವತ್ತು ನನಗಾಗಿ ಮಾಡಿದ್ದನ್ನು ನಿಯಮವಾಗಿಯೇ ಮಾಡಿ. ಡಿಗ್ರಿ ಮೇಲೆ ಓದುವ ಸದಸ್ಯರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹಾಲಿನ ಬಾಬ್ತಿನ ಮೇಲೆ ವರ್ಷಕ್ಕೊಂದು ಮುಂಗಡ ಕೊಡಿ. ಅದಕ್ಕೆ ಮೊದಲ ಠೇವಣಿಯಾಗಿ ನನ್ನ ಒಂದು ತಿಂಗಳ ಸಂಬಳವನ್ನು ಅಧ್ಯಕ್ಷರ ಕೈಗೆ ಈಗಲೇ ಕೊಡುತ್ತಿದ್ದೇನೆ. ಇದು ದಾನವಲ್ಲ, ಹಳೇ ಸಾಲದ ಕಂತು.

ತಂದೆತಾಯಿಗಳಿಗೆ ಕೊನೆಯ ಮಾತು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಗಳು ಮುಂದೆ ಓದುತ್ತೇನೆ ಅಂದರೆ ಬೇಡ ಅನ್ನುವ ಮುಂಚೆ, ಅರ್ಧ ಗಂಟೆ ಎದುರಿಗೆ ಕೂತು ಅವಳ ಮಾತು ಕೇಳಿ. ನಿಮ್ಮ ಮಾತು 4 ಸಾಲಿರಲಿ, ಅವಳದು 3 ಪುಟವಿರಲಿ.

ಸಂಜೆ ಹಾಲು ಕರೆಯುವ ಹೊತ್ತಾಯಿತು, ಮುಗಿಸುತ್ತೇನೆ. ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.