ರಂಗವನ್ನು ತಾವಾಗಿಯೇ ಏರಿರಿ
(ಶತಮಾನೋತ್ಸವದ ನಾಟಕಕ್ಕೆ ಮುನ್ನ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ಯುವಜನರು ಈಗ ಆಡಲಿರುವ ನಾಟಕಕ್ಕೆ ಕೊನೆಯನ್ನು ಬರೆದಿಲ್ಲ. ಜೇವರ್ಗಿ ಸೀಮೆಯ ತೊಗರಿ ಬೆಳೆಯುವ ಒಂದು ಮನೆ. ತಂದೆತಾಯಿಗಳು ದುಡಿಯಲು ಪುಣೆಗೆ ಹೊರಟಿದ್ದಾರೆ. ಹತ್ತನೆಯ ತರಗತಿಯ ಮಗಳನ್ನು ಒಂಟಿಯಾಗಿ ಬಿಡಲಾರದೆ ಮದುವೆ ಗೊತ್ತುಮಾಡುತ್ತಾರೆ. ಹದಿನೆಂಟು ತುಂಬದವಳ ವಿವಾಹವನ್ನು ಕಾನೂನು ನಿಷೇಧಿಸಿರುವುದು ಎಲ್ಲರೂ ಬಲ್ಲ ಸಂಗತಿಯೇ. ಆದರೆ ಅಕ್ಕಿಕಾಳು ಬೀಳುವ ಮುನ್ನ ಯಾರು, ಯಾವ ಮಾತನ್ನು ಆಡಬೇಕಾಗಿತ್ತು? ಆಟ ಅಲ್ಲಿಗೆ ನಿಲ್ಲುತ್ತದೆ. ಅದೇ ಕಥೆಯನ್ನು ಮತ್ತೆ ಆರಂಭಿಸಿದಾಗ ನಿಮ್ಮಲ್ಲಿ ಯಾರಾದರೂ "ನಿಲ್ಲಿಸಿ" ಎಂದು ಎದ್ದು ಬಂದು, ಮಗಳ, ತಾಯಿಯ, ಇಲ್ಲವೆ ಸೋದರಮಾವನ ಸ್ಥಾನದಲ್ಲಿ ನಿಂತು ನಡೆದುದನ್ನು ಬದಲಿಸಿ ತೋರಬಹುದು.

ಈ ಪದ್ಧತಿಯನ್ನು ರೂಪಿಸಿದವರು ಬ್ರೆಜಿಲ್ ದೇಶದ ಅಗಸ್ಟೋ ಬೋಆಲ್. 1973ರಲ್ಲಿ ಅವರು ಪೆರು ದೇಶದ ಸಾಕ್ಷರತಾ ಕಾರ್ಯದಲ್ಲಿದ್ದಾಗ ಪ್ರೇಕ್ಷಕರು ಸಲಹೆ ನೀಡುವರು, ನಟರು ಅದರಂತೆ ಅಭಿನಯಿಸುವರು. ಗಂಡನಿಂದ ವಂಚಿತಳಾದ ಹೆಂಡತಿಯ ಆಟವೊಂದರಲ್ಲಿ, ತಾನು ಹೇಳಿದುದನ್ನು ನಟರು ಮತ್ತೆ ಮತ್ತೆ ಆಡಿದರೂ ಒಬ್ಬ ಸ್ತ್ರೀಗೆ ಸಮಾಧಾನವಾಗಲಿಲ್ಲ. ಕಡೆಗೆ ಆಕೆಯನ್ನೇ ರಂಗಕ್ಕೆ ಆಹ್ವಾನಿಸಿದರು. ಆಕೆ ಏರಿ ಬಂದು ಗಂಡನ ಪಾತ್ರಧಾರಿಗೆ ಚೆನ್ನಾಗಿ ಬಾರಿಸಿದಳು! (ನಮ್ಮ ಹುಡುಗರು ಹೆದರಬೇಕಾಗಿಲ್ಲ, ಇಂದು ಹೊಡೆತಕ್ಕೆ ಎಡೆಯಿಲ್ಲ.)

ಆಳಂದ, ಅಫಜಲಪುರದ ಹಳ್ಳಿಯ ಆಟಗಳಲ್ಲಿ ಮೆಚ್ಚಿದ ಪಾತ್ರಧಾರಿಯ ಅಂಗಿಗೆ ನೋಟು ಚುಚ್ಚಲು ರಂಗವೇರುವುದಕ್ಕೆ ನಮ್ಮವರಿಗೆ ಸಂಕೋಚವಿಲ್ಲ. ಮಾತಾಡಲು ಏರಬೇಕೆಂದರೆ ಮಾತ್ರ ಕಾಲು ಹಿಂಜರಿಯುತ್ತದೆ. ಭಕ್ತರು ಬಲಿಪೂಜೆಯಲ್ಲಿ ಮೂಕ ಪ್ರೇಕ್ಷಕರಾಗಿರಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ವಿಧಿಸಿದ್ದು 1963ರ ಡಿಸೆಂಬರಿನಲ್ಲಿ. ಹಿಂದಿನ ಬೆಂಚನ್ನು ಬಿಟ್ಟೇಳಲು ನಮ್ಮಲ್ಲಿ ಕೆಲವರಿಗೆ ಇನ್ನೂ ಮನಸ್ಸಾಗಿಲ್ಲ!

ನಮ್ಮಿಂದಾದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಹಿಂದೊಮ್ಮೆ ಭೀಮಾತೀರದ ಹಳ್ಳಿಯೊಂದರಲ್ಲಿ ಇಂಥದೇ ಆಟ ನಡೆದಾಗ ಯಾರೂ ಏಳಲಿಲ್ಲ. ನಾವು ಧ್ವನಿವರ್ಧಕ ಹಿಡಿದು ಒಬ್ಬ ತಾಯಿಯನ್ನು ಹೆಸರು ಹಿಡಿದು ಕರೆದೆವು. ಗುರುಗಳು ಕರೆದರೆಂದು ಆಕೆ ಬಂದಳು. ಸೆರಗನ್ನು ಮುಖಕ್ಕೆ ಎಳೆದುಕೊಂಡು, ನಾವು ಕೇಳಬಯಸಿದ ಮಾತನ್ನೇ ನುಡಿದು ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಆಕೆಯ ಮನೆಯದೇ ಕಥೆಯೆಂಬುದು ನಮಗೆ ಆಮೇಲೆ ತಿಳಿಯಿತು. ಮುಂದಿನ ಭಾನುವಾರ ಆಕೆ ಪೂಜೆಗೆ ಬರಲಿಲ್ಲ.

ಆದುದರಿಂದ ಇಂದು ಯಾರ ಹೆಸರನ್ನೂ ಕೂಗುವುದಿಲ್ಲ, ಯಾರ ಕೈಯನ್ನೂ ಹಿಡಿದೆಳೆಯುವುದಿಲ್ಲ. ಬಂದವರು ತಮ್ಮ ಮನೆಯ ವಿಷಯವನ್ನು ಹೇಳಬೇಕಾಗಿಲ್ಲ. ಅರ್ಧಕ್ಕೇ ಮರಳಿ ಕೂರಬಹುದು. ಬಾರದವರನ್ನು ಏಕೆ ಬರಲಿಲ್ಲವೆಂದು ನಾಳೆ ಯಾರೂ ಪ್ರಶ್ನಿಸಕೂಡದು. ನಾವು ಎದುರಿಗಿದ್ದರೆ ನಿಮ್ಮ ಮಾತು ಪ್ರಸಂಗದ ಉತ್ತರವಾಗಿಬಿಡುತ್ತದೆ. ಅದಕ್ಕಾಗಿ ನಾವೂ ಕನ್ಯಾಸ್ತ್ರೀಯರೂ ಕಡೆಯ ಸಾಲಿನಲ್ಲಿ ಕುಳಿತಿರುತ್ತೇವೆ. ಯಾರೂ ಏಳದಿದ್ದರೆ ಯುವಜನರು ಅದೇ ದೃಶ್ಯವನ್ನು ಇನ್ನೊಮ್ಮೆ ಆಡಿ, ಕಾದು, ದೀಪ ಆರಿಸುವರು.

ಮುಂದಿನ ಚಾಪೆಗಳಲ್ಲಿ ಹೆಣ್ಣುಮಕ್ಕಳಿಗೆ ದಯಮಾಡಿ ಸ್ಥಳ ಬಿಡಿ.