ಬೇನೆಯೂ ಅಫೀಮಿನ ಭೀತಿಯೂ

ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ನೋವಿಗೆ ‘ಬ್ಯಾನಿ’ ಎನ್ನುತ್ತಾರೆ. ಗ್ರಂಥಸ್ಥ ಕನ್ನಡದ ‘ಬೇನೆ’ಯೇ ಅದು. ಸಂಸ್ಕೃತದಿಂದ ಬಂದ ‘ವೇದನೆ’ಗಾದರೋ ಅರಿವು ಎಂಬರ್ಥದ ‘ವಿದ್’ ಧಾತುವೇ ಮೂಲ. ಬೇನೆಯನ್ನು ಅರಿತವನು ಅದನ್ನು ಉಣ್ಣುವವನೊಬ್ಬನೇ; ಜ್ವರಕ್ಕಿರುವಂತೆ ಅದನ್ನು ಅಳೆಯುವ ನಳಿಗೆಯಿಲ್ಲ. ರೋಗಿಯ ಮಾತನ್ನು ನಂಬುವುದರಿಂದಲೇ ಚಿಕಿತ್ಸೆ ತೊಡಗಬೇಕು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯಿಂದ ರೋಗಿಗಳು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಬರುತ್ತಾರೆ. ಗುಣವಾಗುವ ಹಂತ ದಾಟಿ ಊರಿಗೆ ಮರಳಿದವರಿಗೆ ಉಳಿಯುವುದು ಬೇನೆ. ಸಾಧಾರಣ ಗುಳಿಗೆಗೆ ಬಗ್ಗದ ಆ ಬೇನೆಗೆ ಮಾರ್ಫಿನ್ ಬೇಕು. ಅದು ಅಫೀಮಿನ ಸತ್ವವೆಂದೊಡನೆ ಮನೆಯವರು ಹೆದರಿ, ‘ತಡಕೋ’ ಎಂದು ರೋಗಿಗೇ ಬುದ್ಧಿ ಹೇಳುತ್ತಾರೆ. ಪರರ ಬೇನೆಯನ್ನು ತಾಳಿಕೊಳ್ಳುವುದು ಎಷ್ಟು ಸುಲಭ! ಗಸಗಸೆ ಪಾಯಸವನ್ನು ಚಪ್ಪರಿಸುವ ನಾವು ಅದೇ ಗಿಡದ ಕಾಯಿಯ ಹಾಲಿಗೆ ಅಂಜುತ್ತೇವೆ.

ಅಂಜಿಕೆ ನಿರಾಧಾರವೇನಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ಈ ಜಾತಿಯ ಮಾತ್ರೆಗಳನ್ನು ಬೆನ್ನುನೋವು ಮೊದಲಾದವಕ್ಕೂ ಧಾರಾಳವಾಗಿ ಬರೆದುಕೊಟ್ಟು ಲಕ್ಷಾಂತರ ಜನ ಚಟಕ್ಕೆ ಬಿದ್ದರು. ನಮ್ಮಲ್ಲಿ ಆದದ್ದು ತದ್ವಿರುದ್ಧ. 1985ರ ಮಾದಕ ವಸ್ತುಗಳ ಕಾಯಿದೆಯ ಬಳಿಕ ಪರವಾನಗಿಗಳ ತೊಡಕಿಗೆ ಬೇಸತ್ತು ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರಕಾರವೇ ಪರವಾನಗಿ ಕೊಟ್ಟು ಅಫೀಮು ಬೆಳೆಸುವ ದೇಶದಲ್ಲಿ ರೋಗಿ ನರಳಿದ. 2014ರ ತಿದ್ದುಪಡಿ ಈ ಗಂಟನ್ನು ಸಡಿಲಿಸಿತು. ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆಯುಳ್ಳ, ತರಬೇತಾದ ವೈದ್ಯರಿರುವ ಆಸ್ಪತ್ರೆ ಈಗ ಇದನ್ನು ಕೊಡಬಹುದು. ಅಂಥದೊಂದು ಪ್ರತಿ ತಾಲೂಕಿನಲ್ಲೂ ಇರಬೇಕೆಂಬುದು ನನ್ನ ಹಟ.

ಕೊಡುವುದಕ್ಕೂ ಕ್ರಮವುಂಟು. ಅಲ್ಪ ಪ್ರಮಾಣದಿಂದ ತೊಡಗಿ, ಬೇನೆ ತಗ್ಗುವವರೆಗೆ ವೈದ್ಯರು ಮೆಲ್ಲನೆ ಏರಿಸಬೇಕು. ಸಾಮಾನ್ಯ ಗುಳಿಗೆಯ ಪರಿಣಾಮ ಸುಮಾರು 4 ತಾಸು. ಆದ್ದರಿಂದ ಬೇನೆ ಕೆರಳುವವರೆಗೆ ಕಾಯದೆ ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆ ಬಹುಮಟ್ಟಿಗೆ ತಪ್ಪಿದ್ದಲ್ಲ. ವಿರೇಚಕ ಮೊದಲ ದಿನದಿಂದಲೇ ಜೊತೆಗಿರಲಿ. ಮೂತ್ರಪಿಂಡ ಕೆಟ್ಟವರಲ್ಲಿ ವಿಶೇಷ ಎಚ್ಚರ ಬೇಕು. ಉರಿದಂತೆ, ವಿದ್ಯುತ್ತು ಹೊಡೆದಂತೆ ಎನಿಸುವ ನರದ ಬೇನೆಗೆ ಇದೊಂದೇ ಸಾಲದಿರಬಹುದು. ಎಬ್ಬಿಸಿದರೂ ಏಳದ ಮಂಪರು, ನಿಧಾನಗೊಂಡ ಉಸಿರು ಕಂಡರೆ ಮುಂದಿನ ಗುಳಿಗೆಯನ್ನು ತಡೆದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಾಗಲ್ಲದೆ ಮನೆಯವರೇ ಧೈರ್ಯಮಾಡಿ ಥಟ್ಟನೆ ನಿಲ್ಲಿಸುವುದೂ ಅಪಾಯವೇ.

ಗುಳಿಗೆಗಳು ಮಕ್ಕಳ ಕೈಗೆಟುಕದಂತೆ ಬೀಗದ ಪೆಟ್ಟಿಗೆಯಲ್ಲಿರಲಿ. ರೋಗಿ ತೀರಿಕೊಂಡ ಮೇಲೆ ಉಳಿದವು ನೆರೆಮನೆಯ ಅಜ್ಜನ ಮೊಣಕಾಲು ನೋವಿಗೆ ಹೋಗಕೂಡದು. ಕೊಟ್ಟ ಆಸ್ಪತ್ರೆಗೇ ಮರಳಬೇಕು.