ಖರಾಬು ನೆಲದ ಚಿರತೆ



ಹಡಗಲಿ ಎಂದೊಡನೆ ಮಲ್ಲಿಗೆ, ಕೊಟ್ಟೂರು ಎಂದೊಡನೆ ತೇರು ನೆನಪಾಗುತ್ತವೆ. ಕಾಡು ಮಾತ್ರ ಯಾರಿಗೂ ನೆನಪಾಗದು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಅಲ್ಲಲ್ಲಿ ಎದ್ದು ನಿಂತ ಬಂಡೆಗುಡ್ಡಗಳನ್ನೂ ಕಾರೆ, ಜಾಲಿಗಳ ಕುರುಚಲನ್ನೂ ಕಾಡೆನ್ನಲು ನಮ್ಮ ನಾಲಗೆ ಹಿಂಜರಿಯುತ್ತದೆ. ಕಂದಾಯದ ಕಡತದಲ್ಲಿ ಇಂಥ ಎಷ್ಟೋ ನೆಲಕ್ಕೆ 'ಖರಾಬು' ಎಂದು ಹೆಸರು. ಆ ಮಾತಿಗೆ ಕೆಟ್ಟದ್ದು ಎಂದರ್ಥ. ಬಹುಕಾಲ ಕನ್ನಡ ಕಲಿಸಿದವನಾದ ನನಗೆ ಈ ಒಂದು ಪದವೇ ಚಿರತೆಯ ಮೊದಲ ಶತ್ರುವೆಂದು ತೋರುತ್ತದೆ. ಕೆಟ್ಟ ನೆಲವನ್ನು ಕಲ್ಲುಗಣಿಗೆ ಕೊಟ್ಟರೆ ಮರುಗುವವರಾರು?

ಚಿರತೆಗಾದರೋ ಅದು ಕೆಟ್ಟ ನೆಲವಲ್ಲ. ಬಂಡೆಗಳ ನಡುವಣ ಗವಿಯೇ ಅದು ಮರಿಯಿಡುವ ಮನೆ; ಮೊಲ, ನವಿಲು, ಕಾಡುಹಂದಿಗಳೇ ಅದರ ಆಹಾರ. ಗುಡೇಕೋಟೆಯ ಗುಡ್ಡಗಳನ್ನು 2013ರಲ್ಲಿ ಕರಡಿಧಾಮವೆಂದು ಸಾರಿದ್ದರಿಂದ ಅಲ್ಲಿನ ಚಿರತೆಗೂ ನೆರಳು ದೊರೆಯಿತು. ಆದರೆ ಧಾಮದ ಗಡಿಯನ್ನು ಅದು ಓದಲಾರದು.

2022ರ ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1,879 ಚಿರತೆಗಳಿವೆ. ಸಂಖ್ಯೆ ಕೇಳಿ ನೆಮ್ಮದಿಪಡುವಂತಿಲ್ಲ. ಅದು ಮುಖ್ಯವಾಗಿ ಹುಲಿಗಳ ನೆಲೆಯಾದ ಅರಣ್ಯಗಳನ್ನು ಆಧರಿಸಿದ ಅಂದಾಜು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿರತೆಗೆ ಮೊದಲನೆಯ ಅನುಸೂಚಿಯ ರಕ್ಷಣೆ ಕೊಟ್ಟಿದೆಯಾದರೂ, ಚರ್ಮಕ್ಕೂ ಉಗುರಿಗೂ ಕೊಲ್ಲುವವರು ಇಲ್ಲವಾಗಿಲ್ಲ. ಹಂದಿಗೆಂದು ಹೊಲದ ಬದುವಿನಲ್ಲಿ ಒಡ್ಡಿದ ತಂತಿಯ ಉರುಲು ಹಂದಿಯನ್ನೇ ಆಯ್ದು ಹಿಡಿಯುವುದೂ ಇಲ್ಲ.

ಹಾಗೆಂದು ಕುರಿಗಾಹಿಯ ಸಂಕಟವನ್ನು ಕಡೆಗಣಿಸುವುದು ಪೇಟೆಯಲ್ಲಿ ಕುಳಿತವರಿಗೆ ಶೋಭಿಸದು. ಒಂದು ರಾತ್ರಿಯಲ್ಲಿ ಎರಡು ಕುರಿ ಹೋದರೆ ಅವನ ಮನೆಯ ಒಂದು ತಿಂಗಳ ಅನ್ನವೇ ಹೋದಂತೆ. ಅವನು ಬೋನಿಡಿರೆಂದು ಕೇಳುವುದು ಸಹಜ. ಆದರೆ ಮಹಾರಾಷ್ಟ್ರದ ಜುನ್ನರ ಸೀಮೆಯಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಬಳಿಕ ಮನುಷ್ಯರ ಮೇಲಿನ ದಾಳಿ ಇಳಿಯುವುದಿರಲಿ, ಏರಿತು. ಪರಿಚಯವಿಲ್ಲದ ನೆಲದಲ್ಲಿ ದಿಕ್ಕುಗೆಟ್ಟ ಪ್ರಾಣಿ ಹೆಚ್ಚು ಅಪಾಯಕಾರಿ. ಅದಕ್ಕಿಂತ ಮೇಲೆ ಮುಚ್ಚಿಗೆಯಿರುವ ಭದ್ರವಾದ ಕುರಿದೊಡ್ಡಿ, ಅಲೆದಾಡಿಸದೆ ಕೈಸೇರುವ ಪರಿಹಾರ, ಬದುವಿನ ಉರುಲು ತೆಗೆಯುವ ಊರವರ ಎಚ್ಚರ, ಇವೇ ಲೇಸು.

'ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ' ಎಂಬ ಗಾದೆ ನನ್ನಂಥ ವಯಸ್ಸಾದವರಿಗೆಂದು ಹುಟ್ಟಿದ್ದು. ಚಿರತೆಗೆ ಊರು ಹೋಗು ಎನ್ನುತ್ತಲೇ ಇದೆ. ಬಾ ಎನ್ನಬೇಕಾದ ಗುಡ್ಡ ಜಲ್ಲಿಯಾಗಿ ಲಾರಿಯೇರುತ್ತಿದೆ. ಗುಡ್ಡವನ್ನು ಒಡೆಯುವ ಅನುಮತಿಗೆ ಸಹಿ ಬೀಳುವ ಮುನ್ನ, ಆ ಗವಿಯಲ್ಲಿ ಯಾರಿದ್ದಾರೆಂದು ಒಮ್ಮೆ ವಿಚಾರಿಸುವುದು ನಾಗರಿಕರೆನಿಸಿಕೊಂಡ ನಮ್ಮ ಕರ್ತವ್ಯ.